ಮತ್ತಿಯ ಬುಡಕ್ಕೆ ಸುಣ್ಣದ ಬಳೆ

"ಅಲ್ಲಿ ಎಂತ ಅಗೆಯುವುದು ನೀವು?"

ಹಿಂದಿನಿಂದ ಬಂದ ಹೆಣ್ಣುದನಿಗೆ ಆ ಯುವಕ ಬೆಚ್ಚಲಿಲ್ಲ. ಮೊಣಕಾಲೂರಿ ಕುಳಿತಲ್ಲಿಂದಲೇ ತಿರುಗಿ ನೋಡಿದ. ಇಸ್ತ್ರಿ ಹಾಕಿದ ಪ್ಯಾಂಟಿನ ತುಂಬ ಕಪ್ಪು ಮಣ್ಣು, ಕೈಯಲ್ಲಿ ಒಂದು ಕರಿಯ ಕಲ್ಲು, ಮುಖದಲ್ಲಿ ಮಗುವಿನಂಥ ಬೆರಗು...

ವೆರೊನಿಕಾಳ ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ಬಳ್ಳಿ ಸವರುವ ಕತ್ತಿ. ಹೊಸ ತೆನೆ ತರುವ ಮೊಂತಿ ಹಬ್ಬಕ್ಕೆ ಇನ್ನು ನಾಲ್ಕು ದಿನ. ಮೇರಿ ಮಾತೆಗೆ ಹಾಕುವ ಹೂವಿಗೆಂದು ಅವಳು ಗುಡ್ಡೆ ಹತ್ತಿದ್ದಳು.

"ಇದು ನಮ್ಮ ಗುಡ್ಡೆ. ನಿಧಿ ಹುಡುಕಲಿಕ್ಕೆ ನಿಮಗಿಂತ ಮೊದಲು ನಾಲ್ಕು ಜನ ಬಂದು ಹೋಗಿದ್ದಾರೆ. ಯಾರಿಗೂ ಎಂತದೂ ಸಿಕ್ಕಲಿಲ್ಲ."

"ನನಗೆ ಸಿಕ್ಕಿತಲ್ಲ," ಎಂದು ಅವನು ಆ ಕಲ್ಲನ್ನು ಚಾಚಿದ. "ಹಿಡಿದು ನೋಡಿ. ಬರೇ ಕಲ್ಲಾದರೆ ಇಷ್ಟು ಭಾರ ಇರುವುದುಂಟಾ?"

ಅವಳಿಗೆ ಆ ಭಾರ ಗೊತ್ತಿತ್ತು. ಮನೆಯ ಬಾಗಿಲಿಗೆ ಆನಿಸಿ ಇಡುವುದು ಇಂಥದೇ ಕಲ್ಲು. ಮಾವಿನ ಮಿಡಿಯ ಭರಣಿಯ ಮೇಲೆ ಹೇರಿದ್ದೂ ಇಂಥದೇ. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದರೂ ಅದು ಏನೆಂದು ಒಂದು ದಿನವೂ ಕೇಳಬೇಕೆಂದು ತೋಚಿರಲಿಲ್ಲ.

"ಇಂಥದೇ ಕಲ್ಲು, ಇಂಥದೇ ಕಪ್ಪು ಮಣ್ಣಿನ ಚಕ್ರ... ನಾನು ಇಂಗ್ಲೆಂಡಿನ ಒಂದು ಕಾಡಿನಲ್ಲಿ ನೋಡಿದ್ದೇನೆ," ಎಂದ ಅವನು.

ಬೆಳ್ಮಣ್ಣು ಊರಿನ ಗುಡ್ಡೆಯಲ್ಲಿ ನಿಂತು ಇಂಗ್ಲೆಂಡ್! ಇವನಿಗೆ ತಲೆ ಸರಿ ಉಂಟಾ...? ಅವಳು ಕತ್ತಿಯನ್ನು ಕೆಳಗೆ ಹಾಕಲಿಲ್ಲ. ಆದರೆ ಅಲ್ಲಿಂದ ಹೋಗಲೂ ಇಲ್ಲ.

ಅದು ಸಾವಿರದ ಒಂಬೈನೂರ ಅರವತ್ತೊಂದರ ಸೆಪ್ಟೆಂಬರ್. ಅವನು ಕಾಪುವಿನ ಎಡ್ಮಂಡ್. ಬೊಂಬಾಯಿಯ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯವರು ಕೆಲಸ ಕಲಿಯಲೆಂದು ಎರಡು ವರ್ಷ ಅವನನ್ನು ಇಂಗ್ಲೆಂಡಿನ ಉಕ್ಕಿನ ಊರೊಂದಕ್ಕೆ ಕಳಿಸಿದ್ದರು. ಮೂರು ತಿಂಗಳ ರಜೆಯಲ್ಲಿ ಊರಿಗೆ ಬಂದವನು, ಹಬ್ಬಕ್ಕೆಂದು ಬೆಳ್ಮಣ್ಣಿನ ಚಿಕ್ಕಮ್ಮ ಜೆರ್ಟ್ರೂಡ್‌ಬಾಯಿಯ ಮನೆಗೆ ಒಳದಾರಿ ಹಿಡಿದಿದ್ದ. ದಾರಿ ತಪ್ಪಿದ್ದು ಅವನ ಕಾಲು. ಕಣ್ಣು ಮಾತ್ರ ಸರಿಯಾದ ಜಾಗಕ್ಕೇ ಬಂದಿತ್ತು.

ಗುಡ್ಡೆಯ ಇಳಿಜಾರಿನಲ್ಲಿ ಅಲ್ಲಲ್ಲಿ ಭತ್ತ ಬಡಿಯುವ ಕಣದಷ್ಟು ದುಂಡಗಿನ ಸಮತಟ್ಟು ಜಾಗಗಳಿದ್ದವು. ಅಲ್ಲಿಯ ಮಣ್ಣು ಕರಿ ಕಪ್ಪು. ಅಮಾವಾಸ್ಯೆಗೆ ಕುಲೆಗಳು, ಸತ್ತವರ ಪ್ರೇತಗಳು, ಅಲ್ಲಿ ಒಲೆ ಹೂಡಿ ಅಡಿಗೆ ಮಾಡುತ್ತವೆ ಎಂದು ಊರಿನವರ ಮಾತು. ಎಡ್ಮಂಡ್ ಆ ಮಾತಿಗೆ ನಗಲಿಲ್ಲ. ಕುಲೆಗಳಲ್ಲ, ನಮ್ಮ ಹಿರಿಯರೇ ಎಂದ. ಕಟ್ಟಿಗೆಯನ್ನು ನೆಟ್ಟಗೆ ಒಟ್ಟಿ, ಸೊಪ್ಪು ಮಣ್ಣು ಮುಚ್ಚಿ, ದಿನಗಟ್ಟಲೆ ಹೊಗೆಯಲ್ಲೇ ಬೇಯಿಸಿ ಇದ್ದಿಲು ಮಾಡಿದ ಜಾಗ ಇದು. ಆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸಿದಾಗ ಉಳಿದ ಕಿಟ್ಟವೇ ಈ ಕಲ್ಲು ಎಂದು ವಿವರಿಸಿದ.

ಬಾಗಿಲಿಗೆ ಆನಿಸಿದ ಕಲ್ಲು ಕಬ್ಬಿಣದ ಕಿಟ್ಟವಾ...? ಹಾಗಾದರೆ ಈ ನಿಶ್ಶಬ್ದವಾದ ಗುಡ್ಡೆ ಒಂದು ಕಾಲದಲ್ಲಿ ಕಾರ್ಖಾನೆ!

ವೆರೊನಿಕಾ ಬುಟ್ಟಿ ಕೆಳಗಿಟ್ಟು ಕುಳಿತಳು. ಕೇಳಿದಳು, ಕೇಳಿದಳು, ಕೇಳುತ್ತಲೇ ಇದ್ದಳು. ಆ ಇಂಗ್ಲೆಂಡಿನ ಕಾಡಿನಲ್ಲಿ ಹುಲಿ ಉಂಟಾ? ಇಲ್ಲ. ನಾಗನ ಬನ? ಅದೂ ಇಲ್ಲ. ಮತ್ತೆ ಕಾಡು ಅಂತ ಹೇಗೆ ಹೇಳುವುದು ಅದಕ್ಕೆ? ಎಡ್ಮಂಡನಿಗೆ ನಗು ತಡೆಯಲಾಗಲಿಲ್ಲ. ಭಾನುವಾರ ಪೂಜೆ ಮುಗಿಸಿ ತಾನೊಬ್ಬನೇ ಅಲ್ಲಿಗೆ ಹೋಗುತ್ತಿದ್ದೆ ಎಂದ. ವಸಂತದಲ್ಲಿ ನೆಲದ ತುಂಬ ನೀಲಿ ಹೂ. ತೊರೆಯ ಬದಿಯಲ್ಲಿ ಪಾಚಿ ಹಿಡಿದ ಗಾಲಿ, ಹಿಂದೆ ನೀರಿನಿಂದ ತಿರುಗಿ ದೊಡ್ಡ ಸುತ್ತಿಗೆಯನ್ನು ಎತ್ತಿ ಬಡಿಯುತ್ತಿದ್ದದ್ದು. ನಾನೂರು ಐನೂರು ವರ್ಷ ಕಡಿದು ಸುಟ್ಟರೂ ಮುಗಿಯದ ಕಾಡು ಅದು.

"ಮುಗಿಯದ್ದು ಹೇಗೆಂದು ನಾನು ಹೇಳಲಾ?" ಎಂದಳು ವೆರೊನಿಕಾ.

ಅವಳು ಅವನನ್ನು ಗುಡ್ಡೆಯ ನೆತ್ತಿಗೆ ಕರೆದುಕೊಂಡು ಹೋದಳು. ಅಲ್ಲಿತ್ತು ಏಳು ಕವಲಿನ ಮತ್ತಿ ಮರ! ಒಂದೇ ಬುಡ, ಅದರಿಂದ ಏಳು ಮರ ಎದ್ದು ನಿಂತಂತೆ ಏಳು ಕಾಂಡ. ಅಜ್ಜ ಕಲಿಸಿದ ಲೆಕ್ಕವನ್ನು ಅವಳು ಒಪ್ಪಿಸಿದಳು. ಮೊಣಕಾಲೆತ್ತರಕ್ಕೆ ಕಡಿಯಬೇಕು. ಮಳೆಯ ನೀರು ನಿಲ್ಲದಂತೆ ಓರೆಯಾಗಿ ಕಡಿಯಬೇಕು. ಬೇರಿಗೆ ಕೈ ಹಾಕಬಾರದು. ಆಮೇಲೆ ಚಿಗುರು ಬರುವುದು ಮರದ ಕೆಲಸ.

ಎಡ್ಮಂಡ್ ಆ ಬುಡವನ್ನು ಸುತ್ತಿ ಸುತ್ತಿ ನೋಡಿದ. ಅಲ್ಲಿಯ ಮುದುಕರೂ ಇದೇ ಮಾತು ಹೇಳುತ್ತಾರೆ ಎಂದ. ಅಲ್ಲಿಯವರಿಗೆ ಇವಳ ಅಜ್ಜನ ಪರಿಚಯ ಇತ್ತೋ ಏನೋ ಎಂದು ತಮಾಷೆ ಮಾಡಿದ.

ಒಂದು ಮಾತನ್ನು ಮಾತ್ರ ಅವಳು ಅಂದು ಹೇಳಲಿಲ್ಲ. ಹಬ್ಬ ಕಳೆದು, ಒಂದಲ್ಲ ಒಂದು ನೆವದಲ್ಲಿ ಅವನು ಐದಾರು ಸಲ ಬೆಳ್ಮಣ್ಣಿಗೆ ಬಂದ ಮೇಲೆ ಹೇಳಿದಳು. ಅವಳು ಮಗುವಾಗಿದ್ದಾಗ ಅಮ್ಮ ಸೊಪ್ಪು ಕೊಯ್ಯಲು ಬಂದರೆ ಆ ಮತ್ತಿಯ ಎರಡು ಕವಲುಗಳ ನಡುವೆ ಸೀರೆಯ ಜೋಲಿ ಕಟ್ಟುತ್ತಿದ್ದರಂತೆ. ಅಮ್ಮನ ಮುಖ ಅವಳಿಗೆ ನೆನಪಿಲ್ಲ. ಒಂದು ಫೋಟೋ ಕೂಡ ಇಲ್ಲ. ಈ ಮರ ಒಂದೇ ಉಂಟು...

ಎಡ್ಮಂಡ್ ಜೇಬಿನಿಂದ ಒಂದು ಫೋಟೋ ತೆಗೆದು ಅವಳಿಗೆ ಕೊಟ್ಟ. ಆ ದೂರದ ಕಾಡಿನಲ್ಲಿ ಅವನು ಕೋಟು ತೊಟ್ಟು ನಿಂತಿದ್ದ. ಅವಳು ಅವನ ಮುಖವನ್ನಷ್ಟೇ ನೋಡಿದಳು. ಮನೆಗೆ ಬಂದು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟಳು.

ನವೆಂಬರಿನಲ್ಲಿ ಆಕೆಯ ತಂದೆ ಲೂಯಿಸ್ ಗುಡ್ಡೆಯ ಮರಗಳನ್ನು ಹೆಂಚಿನ ಕಾರ್ಖಾನೆಯ ಕಟ್ಟಿಗೆಗೆ ಮಾರುವ ಮಾತಾಯಿತು. ಆಮೇಲೆ ಬುಡ ಕಿತ್ತು ಗೇರು ನೆಡುವುದೆಂದು ಅವರ ಆಸೆ. ವೆರೊನಿಕಾ ಕೇಳಿದ್ದು ಒಂದೇ, ಮತ್ತಿಯನ್ನು ಬಿಡಿ ಎಂದು. ಲೂಯಿಸ್ ಒಪ್ಪಿದರು. ಕಡಿಯುವವರಿಗೆ ಗೊತ್ತಾಗುವ ಹಾಗೆ ಮಾಡಿದರೆ ಸಾಕು ಎಂದರು.

ವೆರೊನಿಕಾ ನೆಂಟರ ಮದುವೆಗೆಂದು ಎರಡು ದಿನ ಉಚ್ಚಿಲಕ್ಕೆ ಹೋದಳು. ಲೂಯಿಸರ ಮಾತನ್ನು ಚಿಕ್ಕಮ್ಮನಿಂದ ತಿಳಿದ ಎಡ್ಮಂಡ್, ಅವಳಿಗೆ ತಿಳಿಸದೆ, ಅವಳು ಬರುವಾಗ ಕಂಡು ಕುಣಿಯಬೇಕೆಂದು, ಸುಣ್ಣದ ಮಡಕೆ ಹಿಡಿದು ಗುಡ್ಡೆ ಹತ್ತಿದ. ಏಳು ಕವಲಿಗೂ ಒಂದೊಂದು ಬಿಳಿ ಬಳೆ ಎಳೆದ. ಆಮೇಲೆ ಸಂತೋಷದಿಂದ ಬಸ್ಸು ಹತ್ತಿ ಕಾಪುವಿಗೆ ಹೋದ, ತಾಯಿಯನ್ನು ಹೆಣ್ಣು ಕೇಳಲು ಕರೆತರಲೆಂದು.

ಮರುದಿನ, ಲೂಯಿಸ್ ಎಣಿಸಿದ್ದಕ್ಕಿಂತ ಎರಡು ದಿನ ಮೊದಲೇ, ಮರ ಕಡಿಯುವ ದೂಮಪ್ಪನೂ ಅವನ ಕಡೆಯವರೂ ಕೊಡಲಿ ಹಿಡಿದು ಬಂದರು.

ಭಾನುವಾರ ಬೆಳಿಗ್ಗೆ ಉಚ್ಚಿಲದಿಂದ ಮರಳಿದ ವೆರೊನಿಕಾ ಸೀದಾ ಗುಡ್ಡೆಗೆ ಓಡಿದಳು. ನೆತ್ತಿಯಲ್ಲಿ ಆಕಾಶ ಬಯಲಾಗಿತ್ತು. ಏಳು ಕವಲೂ ನೆಲದ ಮೇಲೆ ಮಲಗಿದ್ದವು. ಒಂದೊಂದರಲ್ಲೂ ಒಂದು ಬಿಳಿ ಬಳೆ...

ಯಾರು ಹೇಳಿದ್ದೆಂದು ಕೇಳಿದರೆ ದೂಮಪ್ಪ ತಲೆ ಕೆರೆದುಕೊಂಡ. "ಬೊಂಬಾಯಿಯವರು ಸುಣ್ಣ ಹಾಕಿದ್ದಾರೆ ಬಾಯಮ್ಮ. ಸುಣ್ಣ ಕಂಡದ್ದನ್ನೇ ನಾವು ಮೊದಲು ಕಡಿಯುವುದು."

ಅವಳಿಗೆ ಅಳು ಬರಲಿಲ್ಲ. ಅಮ್ಮನ ಜೋಲಿಯ ಕಥೆ ಕೇಳಿದ ಕೈಯೇ ಸುಣ್ಣ ಹಾಕಿತಾ? ಒಳ್ಳೆಯ ಮರವೆಂದು ಕಾರ್ಖಾನೆಯವರಿಗೆ ತೋರಿಸಿದನಾ...?

ಅದೇ ಮಧ್ಯಾಹ್ನ ಎಡ್ಮಂಡ್ ತಾಯಿಯ ಜೊತೆ ಅಂಗಳಕ್ಕೆ ಬಂದ. ತಾಯಿ ಇಮೆಲ್ಡಾಬಾಯಿಯ ಕೈಯಲ್ಲಿ ಬಾಳೆಹಣ್ಣಿನ ಗೊನೆಯ ಒಂದು ಚಿಪ್ಪು, ಮುಖದಲ್ಲಿ ನಗು. ವೆರೊನಿಕಾ ಬಾಗಿಲಲ್ಲಿ ನಿಂತಿದ್ದಳು.

"ಮತ್ತಿಗೆ ಸುಣ್ಣ ಹಾಕಿದ್ದು ನೀವಾ?"

"ಹೌದು, ನಾನೇ," ಎಂದ ಅವನು. ಮುಖದ ತುಂಬ ಹೆಮ್ಮೆಯ ನಗು. ಗುಡ್ಡೆಯನ್ನು ಅವನಿನ್ನೂ ನೋಡಿರಲಿಲ್ಲ.

ಬಾಗಿಲು ಮುಚ್ಚಿತು.

ಇಮೆಲ್ಡಾಬಾಯಿಗೆ ಅದು ಸಣ್ಣ ಅವಮಾನವಲ್ಲ. ಬಾಳೆಹಣ್ಣನ್ನು ಜಗಲಿಯಲ್ಲೇ ಇಟ್ಟು, ಲೂಯಿಸ್ ಕೈಮುಗಿದು ಕರೆದರೂ ನಿಲ್ಲದೆ ರಸ್ತೆಯ ಕಡೆಗೆ ನಡೆದರು. ಎಡ್ಮಂಡ್ ಗುಡ್ಡೆಗೆ ಓಡಿ, ನೋಡಿ, ಮರಳಿ ಬಂದು ಮುಚ್ಚಿದ ಬಾಗಿಲಿನೆದುರು ನಿಂತ. ಉಸಿರು ಮೇಲೆ ಕೆಳಗೆ.

"ವೆರೊನಿಕಾ... ಉಳಿಸಲಿಕ್ಕೆ ಹಾಕಿದ್ದು ನಾನು. ದೇವರಾಣೆ."

ಒಳಗೆ ವೆರೊನಿಕಾ ಅಗುಳಿ ಹಾಕಿದಳು. ಉಳಿಸಲಿಕ್ಕೆ ಯಾರಾದರೂ ಸುಣ್ಣ ಹಾಕುವುದುಂಟಾ? ಮರಕ್ಕೆ ಸುಣ್ಣವೆಂದರೆ ಕೊಡಲಿ ಎಂದು ಈ ಊರಿನ ಪುಟ್ಟ ಮಕ್ಕಳಿಗೂ ಗೊತ್ತು. ಸುಳ್ಳು ಹೇಳುವುದಾದರೂ ನಂಬುವ ಹಾಗೆ ಹೇಳಬಾರದಾ...?

ಆ ವಾರವೇ ಅವನು ಬೊಂಬಾಯಿಗೆ ಹೋದ. ಒಂದು ಕಾಗದ ಬಂತು, ಇನ್ನೊಂದು ಬಂತು. ಅವಳು ಒಡೆಯಲಿಲ್ಲ. ಬೆಂಕಿಗೂ ಹಾಕಲಿಲ್ಲ.

ಏಪ್ರಿಲ್ ಕೊನೆಗೆ ಎರಡು ಜೋರು ಮಳೆ ಬಿತ್ತು. ಮುಂದಿನ ವಾರ ಬುಡ ಕೀಳುವವರು ಬರುತ್ತಾರೆ ಎಂದು ಲೂಯಿಸ್ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದರು. ಆರು ತಿಂಗಳಿಂದ ಗುಡ್ಡೆಯತ್ತ ತಲೆ ಹಾಕದ ವೆರೊನಿಕಾ, ಕೊನೆಯ ಸಲ ನೋಡಿ ಬರೋಣವೆಂದು ಹತ್ತಿದಳು.

ದೂಮಪ್ಪ ಹಳೆಯ ಕೆಲಸಗಾರ. ಮೊಣಕಾಲೆತ್ತರಕ್ಕೆ, ಓರೆಯಾಗಿ, ಅಜ್ಜ ಹೇಳಿದ ಹಾಗೆಯೇ ಕಡಿದಿದ್ದ. ಆ ಓರೆಯ ಅಂಚಿನಲ್ಲಿ, ತೊಗಟೆಯನ್ನು ಸೀಳಿಕೊಂಡು, ತಾಮ್ರದ ಬಣ್ಣದ ಚಿಗುರು!

ಒಂದಲ್ಲ, ಎರಡಲ್ಲ. ಎಣಿಸಿದಳು. ಹನ್ನೊಂದು.

ಅವಳು ಅಲ್ಲೇ ಕುಸಿದು ಕುಳಿತಳು. ಆರು ತಿಂಗಳು ತಡೆದದ್ದು ಅಂದು ಹರಿಯಿತು... ಅತ್ತು ಮುಗಿದ ಮೇಲೆ ಮನಸ್ಸಿನಲ್ಲಿ ಒಂದು ಕುತೂಹಲ ಎದ್ದಿತು. ಮೊದಲ ದಿನ ಅವಳನ್ನು ಕೂರಿಸಿ ಕೇಳಿಸಿದ ಅದೇ ಕುತೂಹಲ. ಆ ದೂರದ ಕಾಡಿನಲ್ಲಿಯೂ ಹೀಗೆಯೇ ಚಿಗುರುತ್ತದೆ ಎಂದಿದ್ದನಲ್ಲ? ಹೇಗಿರುತ್ತದೆ ಅದು?

ಮನೆಗೆ ಬಂದು ಪ್ರಾರ್ಥನೆಯ ಪುಸ್ತಕ ತೆರೆದಳು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲ ಸಲ ಅವನ ಮುಖವನ್ನು ಬಿಟ್ಟು ಕಾಡನ್ನು ನೋಡಿದಳು.

ಅವನ ಸುತ್ತ ಇದ್ದದ್ದು ಬರೇ ಕಡಿದ ಬುಡಗಳು. ಹತ್ತು, ಇಪ್ಪತ್ತು... ಎಲ್ಲ ಕಡಿದ ಆ ಬಯಲಿನಲ್ಲಿ ಒಂದೇ ಒಂದು ದೊಡ್ಡ ಮರ ಉಳಿದಿತ್ತು, ಅವನು ಒರಗಿ ನಿಂತದ್ದು. ಅದರ ನಡುವಿಗೆ ಬಿಳಿಯ ಬಳೆ.

ಅಯ್ಯೋ ದೇವರೇ... ಆ ಊರಿನಲ್ಲಿ ಉಳಿಯುವುದಕ್ಕೆ ಬಿಳಿ ಗುರುತು!

ಈಗ ಕಾಗದಗಳನ್ನು ಒಡೆದಳು. ಎರಡರಲ್ಲೂ ಅದೇ ಮಾತು. ಅಲ್ಲಿ ಕಂಡದ್ದನ್ನು ಇಲ್ಲಿಯವರನ್ನು ಕೇಳದೆ ಮಾಡಿದೆ, ನನ್ನ ಬುದ್ಧಿಗೇಡಿತನಕ್ಕೆ ನಿನ್ನ ತಾಯಿಯ ನೆನಪು ಹೋಯಿತು, ಕ್ಷಮೆ ಕೇಳುವ ಮುಖವೂ ನನಗಿಲ್ಲ ಎಂದು ಬರೆದಿದ್ದ.

ಬುಡ ಕೀಳುವವರು ಬಂದ ದಿನ ವೆರೊನಿಕಾ ಬೆಳಗಿನ ಗಂಜಿ ಕೂಡ ಕುಡಿಯದೆ ನೆತ್ತಿಯಲ್ಲಿ ಹೋಗಿ ಕುಳಿತಿದ್ದಳು. ಮಗಳು ಬುಡವನ್ನು ತಬ್ಬಿ ಕುಳಿತದ್ದನ್ನು ಲೂಯಿಸ್ ತುಂಬ ಹೊತ್ತು ನೋಡಿದರು. "ಏಳು ಪುತಾ, ಏಳು ಮಗಳೇ," ಎಂದರು ಕೊನೆಗೆ. "ಅದು ನಿನ್ನದು. ಗೇರು ಇತ್ತಕಡೆಯಿಂದ ನೆಡುತ್ತೇವೆ."

ಅಂದೇ ಅವಳು ಬೊಂಬಾಯಿಗೆ ಬರೆದಳು. ಉದ್ದ ಬರೆಯಲು ಬರಲಿಲ್ಲ. ಮತ್ತಿ ಚಿಗುರಿದೆ, ತಪ್ಪು ಇಬ್ಬರದೂ, ನಿಮ್ಮ ಅಮ್ಮನ ಕಾಲಿಗೆ ನಾನೇ ಬಂದು ಬೀಳುತ್ತೇನೆ ಎಂದು ಮೂರೇ ಸಾಲು. ಕಾಗದದೊಳಗೆ ಒಂದು ತಾಮ್ರದ ಎಲೆ ಇಟ್ಟಳು.

ಹಾಗೆಯೇ ಒಂದು ದಿನ ಕಾಪುವಿಗೆ ಹೋದಳು. ಇಮೆಲ್ಡಾಬಾಯಿ ಮೊದಲು ಮುಖ ತಿರುಗಿಸಿದರು. ಎಲ್ಲ ಕೇಳಿದ ಮೇಲೆ, ನನ್ನ ಮಗನಿಗೆ ಸುಣ್ಣ ಕೊಟ್ಟವರು ಯಾರು, ಅವರಿಗೆ ಮೊದಲು ಹೊಡೆಯಬೇಕು ಎಂದರು. ಮಡಕೆ ತೆಗೆದುಕೊಟ್ಟದ್ದು ಅವರ ಸ್ವಂತ ತಂಗಿ ಜೆರ್ಟ್ರೂಡ್ ಎಂದು ತಿಳಿದಾಗ ನಕ್ಕುಬಿಟ್ಟರು.

ಮತ್ತೆ ಮೊಂತಿ ಹಬ್ಬ ಬಂತು.

ಹೊಸ ತೆನೆಯ ಊಟ ಮುಗಿದು ಎರಡೂ ಮನೆಯ ಹಿರಿಯರು ಲೂಯಿಸರ ಜಗಲಿಯಲ್ಲಿ ಮಾತಿಗೆ ಕುಳಿತಿದ್ದರು. ಎಡ್ಮಂಡ್ ಬೆಳಿಗ್ಗೆಯಷ್ಟೇ ಬೊಂಬಾಯಿಯಿಂದ ಬಂದಿದ್ದ. ಇಬ್ಬರೂ ಗುಡ್ಡೆಯ ದಾರಿ ಹಿಡಿದರು. ಕಪ್ಪು ಚಕ್ರವನ್ನು ದಾಟುವಾಗ ಅವನು ಒಂದು ಕಿಟ್ಟ ಎತ್ತಿಕೊಂಡ. ಅವಳು ಓರೆಗಣ್ಣಿನಲ್ಲಿ ನೋಡಿ ನಕ್ಕಳು.

ಚಿಗುರುಗಳು ಎದೆಯೆತ್ತರಕ್ಕೆ ಬಂದಿದ್ದವು. ಎಡ್ಮಂಡ್ ಮೊಣಕಾಲೂರಿ ಒಂದೊಂದನ್ನೇ ಮುಟ್ಟಿ ಎಣಿಸಿದ. ಅವನ ಕಣ್ಣು ತುಂಬಿತ್ತು.

"ಹನ್ನೊಂದು ಉಂಟು."

"ಹನ್ನೊಂದನ್ನೂ ಇಡಲಿಕ್ಕಾಗುವುದಿಲ್ಲ. ಏಳು ಸಾಕು. ನಾಲ್ಕನ್ನು ತೆಗೆಯಬೇಕು, ಇಲ್ಲದಿದ್ದರೆ ಯಾವುದೂ ಬಲಿಯುವುದಿಲ್ಲ."

ಅವನು ತಲೆಯೆತ್ತಿದ. ಈ ಸಲ ಕೇಳದೆ ಏನೂ ಮಾಡಬಾರದೆಂದು ಬೊಂಬಾಯಿಯ ರೈಲಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದ.

"ನಿಮ್ಮ ಊರಿನಲ್ಲಿ ಉಳಿಯುವುದಕ್ಕೆ ಎಂತ ಗುರುತು ಹಾಕುತ್ತಾರೆ, ವೆರೊನಿಕಾ?"

"ಉಳಿಯುವುದಕ್ಕೆ ಗುರುತು ಹಾಕುವುದಿಲ್ಲ," ಎಂದಳು ಅವಳು. "ಬಾಯಿಬಿಟ್ಟು ಹೇಳುತ್ತಾರೆ."

ಗಾಳಿಗೆ ಎಳೆಯ ಎಲೆಗಳು ಅಲುಗಿದವು. ಕೆಳಗೆ ಜಗಲಿಯಿಂದ ಇಮೆಲ್ಡಾಬಾಯಿಯ ನಗು ಕೇಳುತ್ತಿತ್ತು. ಎಡ್ಮಂಡ್ ಎದ್ದು ನಿಂತ. ಕೈಯ ಕಿಟ್ಟವನ್ನು ಆ ಬುಡದ ಮೇಲೆ ಮೆಲ್ಲಗೆ ಇಟ್ಟ.

"ಹಾಗಾದರೆ ಬಾಯಿಬಿಟ್ಟು ಕೇಳುತ್ತೇನೆ. ನಾನು ಉಳಿಯುವವರ ಪೈಕಿಯಾ, ತೆಗೆದುಹಾಕುವ ನಾಲ್ಕರ ಪೈಕಿಯಾ?"

ವೆರೊನಿಕಾ ಅವನ ಅಂಗಿಯ ತೋಳಿಗೆ ಅಂಟಿದ್ದ ಕಪ್ಪು ಮಣ್ಣನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಕೈ ಅಲ್ಲೇ ನಿಂತಿತು.

"ಉಳಿಯಿರಿ," ಎಂದಳು.