ಮೇಲಿನ ಮನೆಯ ದನಿ

ಮೇಲಿನ ಮನೆಯನ್ನು ದಿನದ ಬಾಡಿಗೆಗೆ ಕೊಡುವ ಮೊದಲು ನಾನು ಹಳೆಯ ವೈರಿಂಗನ್ನೆಲ್ಲ ಕಿತ್ತುಹಾಕಿಸಿ ಹೊಸದು ಮಾಡಿಸಿದೆ. ನನ್ನ ಯಜಮಾನರು ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಮುಟ್ಟಿ ತೀರಿಹೋದದ್ದು ಅಲ್ಲಿನ ಬಚ್ಚಲಲ್ಲೇ. ಗುರುತು ಪರಿಚಯ ಇಲ್ಲದವರು ನಂಬಿ ಬಂದು ಮಲಗುತ್ತಾರೆ. ಅವರ ಜೀವಕ್ಕೆ ನಾನೇ ಹೊಣೆ ತಾನೆ?

ಮೊದಲು ಬಂದ ನರ್ಸಮ್ಮ ಬೀಗದ ಕೈ ಒಪ್ಪಿಸುವಾಗ, "ನಿಮ್ಮನೆ ಯಜಮಾನ್ರು ತುಂಬ ಒಳ್ಳೆಯವ್ರು ಅಮ್ಮ. ಕೈ ಒರೆಸ್ಕೊಂಡು ಸ್ವಿಚ್ ಹಾಕಮ್ಮ ಅಂತ ಬಾಗಿಲಾಚೆಯಿಂದಾನೇ ಹೇಳಿದ್ರು," ಎಂದಳು. ನಾನು ಮೇಲಕ್ಕೆ ಓಡಿದೆ. ಮಟಮಟ ಮಧ್ಯಾಹ್ನ. ಗೀಸರ್ ಇನ್ನೂ ಬೆಚ್ಚಗಿತ್ತು. ಸ್ವಿಚ್ಚಿನ ಸುತ್ತಲ ಗೋಡೆ ಮಾತ್ರ ಕೈ ಇಡಲಾಗದಷ್ಟು ತಣ್ಣಗಿತ್ತು.

ಆಮೇಲೆ ಬಂದವರೆಲ್ಲ ಅದೇ ಮಾತು ಹೇಳಿದರು. "ಬಾಡಿಗೆ ಸಹವಾಸ ಸಾಕು ಬಿಡಮ್ಮ," ಎಂದಳು ಮಗಳು. ನನಗೋ ಭಯಕ್ಕಿಂತ ಹೊಟ್ಟೆಕಿಚ್ಚು. ಕಂಡಕಂಡವರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ನನ್ನ ಹತ್ತಿರ ಒಂದು ಮಾತು ಆಡಬಾರದೇ? ಮನೆ ಖಾಲಿಯಿದ್ದಾಗಲೆಲ್ಲ ಬಚ್ಚಲ ಹೊಸ್ತಿಲಲ್ಲಿ ಕೂತು "ರೀ, ರೀ" ಎಂದು ಕರೆದೆ. ತೊಟ್ಟಿಕ್ಕುತ್ತಿದ್ದ ನಲ್ಲಿ ತಟ್ಟನೆ ನಿಲ್ಲುತ್ತಿತ್ತು, ಅಷ್ಟೇ.

ಹೋದ ವಾರ ಒಬ್ಬ ಲಾರಿ ಡ್ರೈವರ್ ಇಳಿದುಕೊಂಡಿದ್ದ. ಹೊರಡುವಾಗ ನನ್ನ ಮುಖವನ್ನೇ ನೋಡುತ್ತ ನಿಂತ.

"ಕೆಳಗಡೆ ಈಗ ಯಾರಿದ್ದಾರೆ ಅಂತ ನಿಮ್ಮ ಯಜಮಾನ್ರು ಕೇಳಿದ್ರು ಅಕ್ಕ. ನಿಮ್ಮ ಹೆಂಡತಿನೇ ಇದ್ದಾರಲ್ಲ ಸಾರ್ ಅಂದೆ."

"ಅದಕ್ಕೆ ಏನಂದ್ರು?"

"ಇಲ್ಲಪ್ಪ, ಅವಳು ಇಲ್ಲಿಲ್ಲ, ದಿನಾ ಮೆಟ್ಟಿಲ ಹತ್ರ ನಿಂತು ಕರೀತೀನಿ, ಎಷ್ಟು ಕರೆದ್ರೂ ಓ ಅನ್ನಲ್ಲ, ಅಂದ್ರು."