ತಪಾಸಣೆ ಕಮಿಟಿ ಏರಿದ ಬೆಟ್ಟ

ಕನ್ನಡ ಸಂಘದವರು ಈ ಕೆಲಸಕ್ಕೆ ಶಶಿಕಾಂತನನ್ನೇ ಆರಿಸಿದ್ದಕ್ಕೆ ಕಾರಣ ಒಂದೇ. ಅವನು ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ.

ಅದು ೧೯೯೬ರ ಆಗಸ್ಟ್ ತಿಂಗಳು. ಮುಂದಿನ ಬೇಸಿಗೆಗೆ ಸಂಘದ ಇಪ್ಪತ್ತು ಮಕ್ಕಳನ್ನು ವರ್ಜೀನಿಯಾದ ನೈಋತ್ಯ ಮೂಲೆಯ ಬೆಟ್ಟಗಳಿಗೆ ಕುದುರೆ ಸವಾರಿಯ ಕ್ಯಾಂಪಿಗೆ ಕಳಿಸುವ ಯೋಚನೆಯಿತ್ತು. ‘ಕುದುರೆ ಹತ್ತಿಯೇ ಗೊತ್ತಿಲ್ಲದವರಿಗೂ ಸುಲಭ, ಮೂರು ದಿನ, ಎರಡು ರಾತ್ರಿ ಟೆಂಟು, ಬೆಟ್ಟದ ನೆತ್ತಿಯ ಹುಲ್ಲುಗಾವಲು’ ಎಂದು ಬ್ರೋಷರಿನಲ್ಲಿ ಅಚ್ಚಾಗಿತ್ತು. ಮೊದಲು ಮೂವರು ದೊಡ್ಡವರು ಹೋಗಿಬಂದು, ಮಕ್ಕಳನ್ನು ಕಳಿಸಬಹುದೇ ಇಲ್ಲವೇ ಎಂದು ರಿಪೋರ್ಟ್ ಕೊಡಬೇಕು. ಫೇರ್‌ಫ್ಯಾಕ್ಸಿನ ಒಂದು ಕಂಪನಿಯಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕುವುದೇ ಶಶಿಕಾಂತನ ನೌಕರಿ. ಜೊತೆಗೆ ಅವನ ಹೆಂಡತಿ ಸೌಮ್ಯಾ ಮತ್ತು ಬಾಗಲಕೋಟೆ ಕಡೆಯ ಡಾಕ್ಟರು ಮಹಾದೇವಕ್ಕ. ಐವತ್ತೆಂಟು ವರ್ಷದ ಮಹಾದೇವಕ್ಕ ಆಸ್ಪತ್ರೆಗೆ ಹೊರಟರೂ ಅಷ್ಟೇ, ಅಂಗಡಿಗೆ ಹೊರಟರೂ ಅಷ್ಟೇ, ಬ್ಯಾಗಿನಲ್ಲಿ ಸ್ಟೆತಾಸ್ಕೋಪ್ ಇಲ್ಲದೆ ಮನೆ ಬಿಡುವವರಲ್ಲ.

ಆರು ತಾಸು ಡ್ರೈವ್ ಮಾಡಿ ಶುಕ್ರವಾರ ಮಧ್ಯಾಹ್ನ ಬೆಟ್ಟದ ಬುಡದ ಕುದುರೆ ಲಾಯ ಮುಟ್ಟಿದರು. ಗೈಡ್ ಡಾರ್ಲಾ ಅರವತ್ತರ ಹತ್ತಿರದ, ಒಣಕಲು ಮೈಯ, ಮಾತು ಕಡಿಮೆಯ ಹೆಂಗಸು. ನಮಸ್ಕಾರ ಚಮತ್ಕಾರ ಏನೂ ಇಲ್ಲ. ನೇರವಾಗಿ ಕೈ ಚಾಚಿದಳು.

"ಕಾರಿನ ಕೀ ಕೊಡಿ. ಬೆಟ್ಟದಲ್ಲಿ ಬಿದ್ದುಹೋದರೆ ಸಿಗುವುದಿಲ್ಲ. ನನ್ನ ಗೊಂಚಲಿನಲ್ಲಿರಲಿ."

ಶಶಿಕಾಂತ ಕೀ ಕೊಟ್ಟ. ಕೊಟ್ಟ ಕೂಡಲೇ ಅವನ ಮುಖ ಸಪ್ಪಗಾಯಿತು.

"ನಮ್ಮ ಕೀ ಆಕಿಗ್ಯಾಕ ಬೇಕು?" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಯಾಕಂತ ಹೇಳಿದ್ಳಲ್ಲ ರೀ."

"ಹೇಳಿದ್ದೆಲ್ಲಾ ಖರೇ ಇರ್ತದೇನು?"

ನಾಲ್ಕು ಕುದುರೆಗಳು ಸಾಲಾಗಿ ಹೊರಟವು. ಮುಂದೆ ಡಾರ್ಲಾ. ಅವಳ ಹಿಂದೆ ಪೆನ್ನಿ ಎಂಬ ಕಂದು ಹೆಣ್ಣು ಕುದುರೆಯ ಮೇಲೆ ಸೌಮ್ಯಾ, ಅಗಲ ಬೆನ್ನಿನ ಕರಿ ಕುದುರೆಯ ಮೇಲೆ ಮಹಾದೇವಕ್ಕ. ಕೊನೆಯಲ್ಲಿ ಹ್ಯಾಂಕ್ ಎಂಬ ಮುದಿ ಬೂದು ಕುದುರೆಯ ಮೇಲೆ ಶಶಿಕಾಂತ, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ದಿಕ್ಸೂಚಿ. ಮೊದಲ ಮೈಲಿಯಲ್ಲಿ ಮೂವರೂ ಜೀನಿನ ಕೊಂಬನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಎರಡನೆಯ ಮೈಲಿಗೆ ಸೊಂಟ ಕುದುರೆಯ ನಡಿಗೆಗೆ ಹೊಂದಿಕೊಂಡಿತು. ಬ್ರೋಷರಿನ ಈ ಒಂದು ಮಾತು ಸುಳ್ಳಲ್ಲ ಎಂದು ಶಶಿಕಾಂತ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡ.

ಆದರೆ ದಾರಿ ಎರಡಾಗಿ ಕವಲೊಡೆಯುವಲ್ಲಿ ಡಾರ್ಲಾ ನೇರದ ಅಗಲ ದಾರಿ ಬಿಟ್ಟು ಬಲಕ್ಕೆ, ಕಲ್ಲುಗಳ ನಡುವಿನ ಇಕ್ಕಟ್ಟಿನ ದಾರಿಗೆ ತಿರುಗಿದಳು.

"ಅಕ್ಕಾ, ನೋಡಿದ್ರ್ಯಾ? ನೆಟ್ಟಗ ಹೋಗೂದು ಬಿಟ್ಟು ಸುತ್ತ ಹೊಡಸಾಕತ್ಯಾಳ. ಒಂದು ದಿನದ ದಾರಿ ಮೂರು ದಿನ ಮಾಡೂ ಐಡಿಯಾ ಇದು."

"ಏ ಶಶಿಕಾಂತ, ಸುಮ್ಮನ ಕುದರಿ ಮ್ಯಾಲ ಕುಂಡ್ರು," ಎಂದರು ಮಹಾದೇವಕ್ಕ.

ಆ ಸಂಜೆ ಊಟವಾದ ಮೇಲೆ ಡಾರ್ಲಾ ದೊಡ್ಡದೊಂದು ಕ್ಯಾನ್ವಾಸ್ ಚೀಲ ಹಿಡಿದು ನಿಂತಳು. ಕರಡಿಗಳ ಕಾಟವಿದೆ, ತಿನ್ನುವ ಪದಾರ್ಥವೆಲ್ಲ ಈ ಚೀಲಕ್ಕೆ ಹಾಕಬೇಕು, ಹಗ್ಗ ಕಟ್ಟಿ ಮರಕ್ಕೆ ಏರಿಸುತ್ತೇನೆ ಎಂದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರುಮುರಿ, ಸೌಮ್ಯಾ ಮಾಡಿದ ಹನ್ನೆರಡು ಶೇಂಗಾ ಹೋಳಿಗೆ, ಎಲ್ಲವೂ ಚೀಲ ಸೇರಿದವು. ದಾರಿ ತಪ್ಪಿದರೆ ಇರಲಿ ಎಂದು ಶಶಿಕಾಂತ ತಂದಿದ್ದ ಐದು ಪೌಂಡ್ ಪುಟಾಣಿ, ಅಂದರೆ ಹುರಿಗಡಲೆ, ಅದೂ ಅದರೊಳಗೆ ಹೋಯಿತು.

ಬೆಳಿಗ್ಗೆ ಚೀಲ ಇಳಿಸಿ ನೋಡಿದರೆ ಹೋಳಿಗೆ ಹತ್ತೇ ಇದ್ದವು.

ಶಶಿಕಾಂತ ಎರಡೆರಡು ಸಲ ಎಣಿಸಿದ. ಡಾರ್ಲಾ ನಸುಕಿನಲ್ಲೇ ಎದ್ದು ಒಬ್ಬಳೇ ಎಲ್ಲೋ ಹೋಗಿ ಬಂದಿದ್ದನ್ನು ಅವನು ಟೆಂಟಿನ ಸಂದಿಯಿಂದ ನೋಡಿದ್ದ. ಕೇಳಿದ್ದಕ್ಕೆ, "ದಾರಿ ನೋಡಿಕೊಂಡು ಬಂದೆ" ಎಂದಷ್ಟೇ ಹೇಳಿದ್ದಳು. ಅವನ ಲೆಕ್ಕಕ್ಕೆ ಇಷ್ಟು ಸಾಕಾಗಿತ್ತು. ಕದ್ದವಳು ಈಕೆಯೇ ಎಂದು ಸೌಮ್ಯಾಳಿಗೂ ಮಹಾದೇವಕ್ಕನಿಗೂ ಪಿಸುಗುಟ್ಟಿದ.

ಶನಿವಾರ ಮಧ್ಯಾಹ್ನ ಮರಗಳ ಸಾಲು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಐದು ಸಾವಿರ ಅಡಿಯ ಮೇಲೆ ಮರವೇ ಇಲ್ಲದ ಗುಡ್ಡಗಳು ಒಂದರ ಹಿಂದೊಂದು ಉರುಳಿಕೊಂಡು ಹೋಗಿದ್ದವು. ಮೊಣಕಾಲುದ್ದದ ಹುಲ್ಲು ಗಾಳಿಗೆ ಮಲಗಿ ಮಲಗಿ ಏಳುತ್ತಿತ್ತು. ಬಂಡೆಗಳ ಬುಡದಲ್ಲಿ ಕಾಡು ಬ್ಲೂಬೆರಿ ಗಿಡಗಳು ಹಣ್ಣು ಹೊತ್ತು ನಿಂತಿದ್ದವು. ದೂರದಲ್ಲಿ ಕುಳ್ಳ ಕಾಡುಕುದುರೆಗಳ ಹಿಂಡೊಂದು ಇವರನ್ನು ನೋಡಿ, ಇವರಿಂದ ಏನೂ ಆಗಬೇಕಿಲ್ಲ ಎಂಬಂತೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮಹಾದೇವಕ್ಕ ಕುದುರೆ ನಿಲ್ಲಿಸಿ ಬಹಳ ಹೊತ್ತು ನೋಡಿದರು. ಸೌಮ್ಯಾಳ ಕಣ್ಣುಗಳು ಒದ್ದೆಯಾದವು. ಶಶಿಕಾಂತನಿಗೂ ಎದೆ ತುಂಬಿ ಬಂತು. ಆದರೆ ಅವನು ಅದನ್ನು ತೋರಿಸಿಕೊಳ್ಳದೆ ದಿಕ್ಸೂಚಿ ನೋಡಿದ.

ಆ ಸಂಜೆ ಆಹಾರದ ಚೀಲ ಮತ್ತೆ ಬಂದಾಗ ಅವನು ಪುಟಾಣಿಯನ್ನು ಕೊಡಲಿಲ್ಲ. ಕೊಟ್ಟರೆ ಡಾರ್ಲಾ ತಿಂದಾಳು. ಟೆಂಟಿನಲ್ಲಿ ಇಟ್ಟುಕೊಂಡರೆ ಕರಡಿ ಬಂದೀತು. ಕರಡಿಯ ಮಾತನ್ನು ಮಾತ್ರ ಅವನು ಪೂರ್ತಿ ನಂಬಿದ್ದ. ಡಾರ್ಲಾ ಹುಲ್ಲುಗಾವಲಿನ ಅಂಚಿನ ಎರಡು ಮರಗಳ ನಡುವೆ ಎತ್ತರಕ್ಕೆ ಹಗ್ಗ ಎಳೆದು ನಾಲ್ಕೂ ಕುದುರೆಗಳನ್ನು ಕಟ್ಟಿದ್ದಳು. ಅದರ ಪಕ್ಕದ ಮರದ ದಿಮ್ಮಿಯ ಮೇಲೆ ಜೀನುಗಳಿದ್ದವು. ಕೊನೆಯ ಜೀನಿನ ಕೆಳಗೆ ಪುಟಾಣಿ ಚೀಲ ತುರುಕಿ, ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಮಲಗಿದ.

ಭಾನುವಾರ ಬೆಳಗಾದಾಗ ಬೆಟ್ಟದ ಮೇಲೆ ಮಂಜು ಕವಿದಿತ್ತು. ಸೌಮ್ಯಾ ಕೂಗಿದ್ದು ಕೇಳಿ ಎಲ್ಲರೂ ಓಡಿದರು.

ಪೆನ್ನಿ ನೆಲದ ಮೇಲೆ ಮಲಗಿ ಹೊರಳುತ್ತಿತ್ತು. ಎದ್ದಿತು, ಮುಂಗಾಲಿನಿಂದ ನೆಲ ಕೆರೆಯಿತು, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡು ಮತ್ತೆ ಕುಸಿಯಿತು. ಆ ಚಳಿಯಲ್ಲೂ ಅದರ ಮೈ ಬೆವರಿನಿಂದ ತೊಯ್ದಿತ್ತು.

ಡಾರ್ಲಾ ಹಗ್ಗ ಜಗ್ಗಿ ಅದನ್ನು ಎಬ್ಬಿಸಿ ನಡೆಸತೊಡಗಿದಳು. ಮಹಾದೇವಕ್ಕ ಸ್ಟೆತಾಸ್ಕೋಪ್ ತಂದು ಪಕ್ಕೆಗೆ ಹಿಡಿದರು.

"ಎಡಕ್ಕ ಸ್ವಲ್ಪ ಗುಡುಗುಡು ಅದ. ಬಲಕ್ಕ ಏನೂ ಇಲ್ಲ. ಪೂರಾ ಸೈಲೆಂಟ್," ಎಂದು ಸೌಮ್ಯಾಳಿಗೆ ಹೇಳಿ, ಅದನ್ನೇ ಡಾರ್ಲಾಗೆ ಇಂಗ್ಲಿಷಿನಲ್ಲಿ ಹೇಳಿದರು.

"ಹೊಟ್ಟೆ ಶೂಲೆ," ಎಂದಳು ಡಾರ್ಲಾ. "ಹುಲ್ಲು ಬಿಟ್ಟು ಬೇರೆ ಏನಾದರೂ ತಿಂದಿದ್ದಾಳಾ? ಬರೀ ಗ್ಯಾಸ್ ಆಗಿದ್ದರೆ ಇಲ್ಲೇ ಮೆಲ್ಲಗೆ ನಡೆಸುತ್ತಾ ಮಧ್ಯಾಹ್ನದವರೆಗೆ ಕಾಯುವುದು ಒಳ್ಳೆಯದು. ಕಾಳು ತಿಂದಿದ್ದರೆ ಕಾಯುವ ಹಾಗಿಲ್ಲ. ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಡಬೇಕು, ಅದು ಪಶುವೈದ್ಯರ ಕೆಲಸ. ತಡವಾದರೆ ಉಳಿಯುವುದಿಲ್ಲ. ಯಾರಾದರೂ ಏನಾದರೂ ಕೊಟ್ಟಿರಾ?"

ಇಲ್ಲ ಎಂದು ಮೂವರೂ ತಲೆಯಾಡಿಸಿದರು.

ಈಕೆಯೇ ಹಳಸಿದ ಮೇವು ತಿನ್ನಿಸಿರಬೇಕು ಎಂದುಕೊಂಡು ಶಶಿಕಾಂತ ಸಾಕ್ಷಿ ಹುಡುಕಲು ದಿಮ್ಮಿಯ ಕಡೆ ನಡೆದ. ಕೊನೆಯ ಜೀನು ನೆಲಕ್ಕೆ ಬಿದ್ದಿತ್ತು. ಅದರ ಪಕ್ಕದಲ್ಲಿ ಹರಿದ ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಎಂಟೋ ಹತ್ತೋ ಪುಟಾಣಿ ಕಾಳು, ಅಷ್ಟೇ.

ಅವನು ತಿರುಗಿ ಸುತ್ತಲೂ ನೋಡಿದ.

ಯಾರೂ ನೋಡಿಲ್ಲ. ಚೀಲವನ್ನು ಮಡಚಿ ಜೇಬಿಗೆ ಹಾಕಿದರೆ ಮುಗಿಯಿತು. ಡಾರ್ಲಾ ಮಧ್ಯಾಹ್ನದವರೆಗೆ ಕಾಯುತ್ತಾಳೆ, ಕುದುರೆ ಸಾಯುತ್ತದೆ, ತಪ್ಪು ಅವಳದೇ ಎಂದು ರಿಪೋರ್ಟಿನಲ್ಲಿ ಬರೆಯಬಹುದು. ಅವನು ಚೀಲ ಮಡಚಿದ್ದೂ ಉಂಟು. ಅಷ್ಟರಲ್ಲಿ ಮಂಜಿನೊಳಗಿನಿಂದ ಪೆನ್ನಿ ನರಳಿದ ಸದ್ದು ಕೇಳಿತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಓಡಿ ಬಂದು ಚೀಲವನ್ನು ಡಾರ್ಲಾಳ ಮುಂದೆ ಹಿಡಿದ.

"ಹುರಿದ ಕಡಲೆ. ಸುಮಾರು ಐದು ಪೌಂಡ್. ನಾನೇ ಜೀನಿನ ಕೆಳಗೆ ಬಚ್ಚಿಟ್ಟಿದ್ದೆ."

"ಯಾಕೆ?"

"ನೀವು ನಮ್ಮ ತಿಂಡಿ ಕದಿಯುತ್ತೀರಿ ಅಂದುಕೊಂಡೆ. ಎರಡು ಹೋಳಿಗೆ ಕಡಿಮೆ ಇದ್ದವು."

ಡಾರ್ಲಾ ಬೈಯಲಿಲ್ಲ. ಅವನ ಮುಖವನ್ನೊಮ್ಮೆ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

ಮಹಾದೇವಕ್ಕ ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದರು. ಅವರ ಮುಖ ಕೆಂಪಾಗಿತ್ತು.

"ಶಶಿಕಾಂತ, ಆ ಹೋಳಿಗಿ ನಾ ತಿಂದೀನಿ. ಚೀಲ ಮ್ಯಾಲ ಏರಿಸೂಕಿಂತ ಮೊದಲ. ಶುಗರ್ ಅದ ಅಂತ ನಿಮ್ಮ ಮುಂದ ತಿನ್ನಾಕ ನಾಚಿಕಿ ಆತು. ನೀ ಆಕಿ ಮ್ಯಾಲ ಸಂಶಯ ಪಟ್ಟಾಗರ ನಾ ಹೇಳಬೇಕಾಗಿತ್ತು, ಹೇಳಲಿಲ್ಲ."

"ಈಗ ಮಾತು ಸಾಕ್ರಿ. ಏನು ಮಾಡೂದು ಹೇಳ್ರಿ," ಎಂದಳು ಸೌಮ್ಯಾ.

ಮಾಡುವುದನ್ನು ಡಾರ್ಲಾ ಹೇಳಿದಳು. ಪೆನ್ನಿಯನ್ನು ಹತೋಟಿಯಲ್ಲಿ ನಡೆಸಲು ತಾನೇ ಬೇಕು. ಡಾಕ್ಟರು ಜೊತೆಗಿದ್ದು ಹೊಟ್ಟೆಯ ಸದ್ದು ಕೇಳುತ್ತಿರಬೇಕು. ಸೌಮ್ಯಾ ಉಳಿದೆರಡು ಕುದುರೆಗಳನ್ನು ಹಿಡಿದು ಬರಬೇಕು. ಒಬ್ಬರು ಏಳು ಮೈಲಿ ಕೆಳಗಿನ ಲಾಯಕ್ಕೆ ಮೊದಲೇ ಮುಟ್ಟಿ, ಪಶುವೈದ್ಯರಿಗೆ ಫೋನ್ ಮಾಡಬೇಕು. ಕಾಡಿನ ಜೀಪ್ ದಾರಿಯಲ್ಲಿ ಅವರು ಮೇಲೆ ಬಂದರೆ ನಡುದಾರಿಯಲ್ಲೇ ಸಿಗಬಹುದು.

"ಹ್ಯಾಂಕ್ ಈ ಬೆಟ್ಟದಲ್ಲಿ ಹದಿನೆಂಟು ವರ್ಷ ನಡೆದಿದ್ದಾನೆ," ಎಂದು ಶಶಿಕಾಂತನ ಅಂಗೈ ಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆದಳು. "ಲಗಾಮು ಸಡಿಲ ಬಿಡು. ಅವನಿಗೆ ದಾರಿ ಹೇಳಿಕೊಡಲು ಹೋಗಬೇಡ."

ಆಮೇಲೆ ಕೀ ಗೊಂಚಲನ್ನೇ ಅವನ ಕೈಗೆ ಹಾಕಿದಳು. ಲಾಯದ ಕೀ, ಟ್ರಕ್ಕಿನ ಕೀ, ಅವಳ ಮನೆಯ ಕೀ, ಎಲ್ಲ ಅದರಲ್ಲಿದ್ದವು.

ಹ್ಯಾಂಕ್ ಹೊರಟಿತು. ಹತ್ತು ಹೆಜ್ಜೆಗೆ ಹಿಂದಿನವರು ಮಂಜಿನಲ್ಲಿ ಕಾಣದಾದರು. ಕುದುರೆಯ ಕಿವಿಗಳಷ್ಟೇ ಮುಂದೆ ಕಾಣುತ್ತಿದ್ದವು. ಇಳಿಜಾರಿನಲ್ಲಿ ಗೊರಸು ಜಾರಿದಾಗಲೆಲ್ಲ ಶಶಿಕಾಂತ ರಿಕಾಪಿನಲ್ಲಿ ಪಾದ ಒತ್ತಿ ಹಿಂದಕ್ಕೆ ವಾಲುತ್ತಿದ್ದ. ತೊಡೆಗಳು ಉರಿಯುತ್ತಿದ್ದವು. ರೋಡೋಡೆಂಡ್ರನ್ ಪೊದೆಗಳ ಕೊಂಬೆ ಮುಖಕ್ಕೆ ಹೊಡೆದು ಕೆನ್ನೆ ಗೀರಿತು. ಅವನು ನಿಲ್ಲಲಿಲ್ಲ.

ಎರಡು ತಾಸಿಗೆ, ಕವಲೊಡೆದ ಎರಡು ದಾರಿಗಳು ಮೇಲ್ಗಡೆ ಮತ್ತೆ ಕೂಡುವ ಜಾಗ ಬಂತು. ಬರುವಾಗ ಸುತ್ತು ಹೊಡೆದು ಬಂದು ಸೇರಿದ್ದು ಇಲ್ಲಿಗೇ. ದಿಕ್ಸೂಚಿ ತೆಗೆದು ನೋಡಿದ. ಹ್ಯಾಂಕ್ ಎಡಕ್ಕೆ, ಕಲ್ಲುದಾರಿಗೆ ತಿರುಗುತ್ತಿತ್ತು. ಅಗಲ ದಾರಿ ನೇರ ಕೆಳಗಿಳಿಯುತ್ತಿತ್ತು. ಅರ್ಧ ತಾಸು ಉಳಿದೀತು.

ಲಗಾಮು ಜಗ್ಗಿ ನೇರಕ್ಕೆ ತಿರುಗಿಸಿದ. ಹ್ಯಾಂಕ್ ನಾಲ್ಕು ಹೆಜ್ಜೆ ಹೋಗಿ ನಿಂತಿತು.

"ನಡಿ!"

ಕಿವಿ ಹಿಂದಕ್ಕೆ ಮಡಚಿತು. ಹಿಮ್ಮಡಿಯಿಂದ ಒತ್ತಿದ. ಮುಂಗಾಲು ಒಂದು ಹೆಜ್ಜೆ ಮುಂದೆ ಇಟ್ಟದ್ದೇ ಹುಲ್ಲಿನ ನೆಲ ಪಚಕ್ಕೆಂದು ಒಡೆಯಿತು. ಕಾಲು ಮೊಣಕಾಲಿನವರೆಗೆ ಕರಿ ಕೆಸರಿನಲ್ಲಿ ಹೂತಿತು. ಶಶಿಕಾಂತ ಕುದುರೆಯ ಕುತ್ತಿಗೆಯ ಮೇಲೆ ಮಗುಚಿಬಿದ್ದ. ಹ್ಯಾಂಕ್ ಬುಸುಗುಡುತ್ತ, ಹಿಂಗಾಲುಗಳ ಮೇಲೆ ಬಲ ಹಾಕಿ, ಒಂದೇ ಏಟಿಗೆ ಕಾಲನ್ನು ಹಿಂದಕ್ಕೆ ಕಿತ್ತುಕೊಂಡಿತು. ಕೆಸರಿನ ಬದಿಯ ಗಟ್ಟಿ ನೆಲದ ಮೇಲೆ ಎರಡು ದಿನದ ಹಿಂದಿನ, ಡಾರ್ಲಾಳ ಬೂಟಿನ ಗುರುತುಗಳಿದ್ದವು. ಡಾರ್ಲಾ ನಸುಕಿನಲ್ಲಿ ನೋಡಿಕೊಂಡು ಬರುತ್ತಿದ್ದದ್ದು ಇಂಥ ನೆಲವನ್ನೇ ಎಂದು ಅವನಿಗೆ ಆಗ ಅರ್ಥವಾಯಿತು.

ದಿಕ್ಸೂಚಿಯನ್ನು ಜೇಬಿಗೆ ಹಾಕಿದ. ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಬಿಟ್ಟು, ಎರಡೂ ಕೈಯಿಂದ ಜೀನಿನ ಕೊಂಬು ಹಿಡಿದ.

"ತಪ್ಪಾತಪ್ಪಾ. ನೀ ಹೆಂಗ ಹೋಗ್ತಿ ಹಂಗ ಹೋಗು."

ಹ್ಯಾಂಕ್ ತಿರುಗಿ ಕಲ್ಲುದಾರಿ ಹಿಡಿಯಿತು. ಬಯಲು ಸಿಕ್ಕಲ್ಲಿ ತಾನಾಗಿಯೇ ಓಡಿತು. ಜೀವಮಾನದಲ್ಲಿ ಮೊದಲ ಸಲ ಶಶಿಕಾಂತ ಓಡುವ ಕುದುರೆಯ ಮೇಲಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು, ಬಾಯಲ್ಲಿ ‘ಬಸವಾ ಬಸವಾ’ ಎಂಬ ಒಂದೇ ಜಪ. ಒಂಬತ್ತೂವರೆಗೆ ಲಾಯದ ಕೆಂಪು ತಗಡಿನ ಚಾವಣಿ ಕಂಡಿತು. ಇಳಿದರೆ ಕಾಲು ನಿಲ್ಲಲಿಲ್ಲ. ಅರ್ಧ ತೆವಳಿಕೊಂಡೇ ಬಾಗಿಲು ತೆಗೆದು, ಬೆವರಿಗೆ ಅಳಿಸುತ್ತಿದ್ದ ನಂಬರನ್ನು ಒತ್ತಿದ.

ಪಶುವೈದ್ಯೆ ನಲವತ್ತು ನಿಮಿಷಕ್ಕೆ ಬಂದಳು. ಪಿಕಪ್ ಟ್ರಕ್ ಜೀಪ್ ದಾರಿಯಲ್ಲಿ ಮೂರು ಮೈಲಿ ಏರುವಷ್ಟರಲ್ಲಿ ಮರಗಳ ನಡುವೆ ಡಾರ್ಲಾ ಕಂಡಳು. ಪೆನ್ನಿ ತೂರಾಡುತ್ತಿತ್ತು, ಆದರೆ ನಡೆಯುತ್ತಿತ್ತು. ಮಹಾದೇವಕ್ಕ ಕೆಸರಾದ ಬೂಟಿನಲ್ಲಿ ಅದರ ಪಕ್ಕಕ್ಕೇ ಹೆಜ್ಜೆ ಹಾಕುತ್ತಿದ್ದರು. ಸೌಮ್ಯಾಳ ಎರಡೂ ಅಂಗೈ ಹಗ್ಗಕ್ಕೆ ಉಜ್ಜಿ ಬೊಬ್ಬೆ ಬಂದಿದ್ದವು.

ನಳಿಗೆ ಇಳಿಯಿತು, ಎಣ್ಣೆ ಹೋಯಿತು. ಇನ್ನು ಕಾಯಬೇಕು ಎಂದಳು ವೈದ್ಯೆ. ಲದ್ದಿ ಹಾಕಿದರೆ ಬದುಕಿತು.

ಪೆನ್ನಿಯನ್ನು ಮೆಲ್ಲಗೆ ಕೆಳಗೆ ನಡೆಸಿಕೊಂಡು ಬಂದು, ಲಾಯದ ಅಂಗಳದಲ್ಲಿ ನಾಲ್ವರೂ ಸಾಲಾಗಿ ಕುಳಿತು ಒಂದು ಕುದುರೆಯ ಬಾಲವನ್ನು ನೋಡುತ್ತ ಕಾದರು. ಹನ್ನೆರಡಾಯಿತು, ಎರಡಾಯಿತು. ಅರ್ಧ ಗಂಟೆಗೊಮ್ಮೆ ಮಹಾದೇವಕ್ಕ ಎದ್ದು ಹೋಗಿ ಕೇಳಿ ಬರುತ್ತಿದ್ದರು. ಮೂರೂಕಾಲಿಗೆ ಅವರು ಕೈಯೆತ್ತಿದರು.

"ಬಲಕ್ಕೂ ಸದ್ದು ಬಂತು!"

ನಾಲ್ಕಕ್ಕೆ ಐದು ನಿಮಿಷವಿರುವಾಗ ಪೆನ್ನಿ ಬಾಲ ಎತ್ತಿ ಲದ್ದಿ ಹಾಕಿತು. ಸೌಮ್ಯಾ ಚಪ್ಪಾಳೆ ಹೊಡೆದಳು. ಶಶಿಕಾಂತ ಅತ್ತುಬಿಟ್ಟ. ಯಾವ ಪ್ರಮೋಷನ್ನಿಗೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಡಾರ್ಲಾ ಸಲಿಕೆ ತಂದು ಅವನ ಕೈಗೆ ಕೊಟ್ಟಳು. ಅವನು ಮರುಮಾತಿಲ್ಲದೆ ಬಳಿದ.

ವೈದ್ಯೆಯ ಬಿಲ್ಲು ತನ್ನದು ಎಂದು ಶಶಿಕಾಂತ ಹೇಳಿದ. ಡಾರ್ಲಾ ಬೇಡ ಎನ್ನಲಿಲ್ಲ. ಉಳಿದಿದ್ದ ಹೋಳಿಗೆಗಳನ್ನು ಸೌಮ್ಯಾ ಅವಳಿಗೇ ಕೊಟ್ಟಳು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ ಡಾರ್ಲಾ, "ಇದನ್ನು ಕದಿಯಬಹುದಿತ್ತು," ಎಂದು ಮೊದಲ ಸಲ ನಕ್ಕಳು.

ಸಂಜೆ ಹೈವೇ ಸೇರಿದ ಮೇಲೆ ಹಿಂದಿನ ಸೀಟಿನಿಂದ ಮಹಾದೇವಕ್ಕ ಕೇಳಿದರು: "ಮತ್ತ ಕಮಿಟಿಗೆ ಏನಂತ ಬರೀತೀಪಾ?"

ಶಶಿಕಾಂತ ಸ್ಟೇರಿಂಗ್ ಹಿಡಿದೇ ಹೇಳಿದ:

"ಮಕ್ಕಳನ್ನ ಧೈರ್ಯಾದಿಂದ ಕಳಸ್ಬಹುದು ಅಂತ ಬರೀತೀನ್ರಿ ಅಕ್ಕಾ. ಜೋಡಿ ಹೋಗೂ ದೊಡ್ಡವರನ್ನಷ್ಟ ನೋಡಿ ಆರಸ್ರಿ ಅಂತ."