ಬೆರಳು ತೋರಬಾರದ ಸ್ಲೀಪರು

ಸುರಂಗದ ಬಾಯಲ್ಲಿ ನಿಂತು ಓಕಾಬೆ-ಸಾನ್ ಹೇಳಿದ ಎಚ್ಚರಿಕೆಯನ್ನು ನಿರುಪಮಾ ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದಳು. ಸಿಂಧೂರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಓಕಾಬೆ-ಸಾನ್ ನಿವೃತ್ತ ಸಂಗೀತ ಮೇಷ್ಟರು. ಜಪಾನಿನ ಚಿಬಾದ ಬೆಟ್ಟಗಳೊಳಗೆ ಹಿಂದೆ ಮರ ಸಾಗಿಸುತ್ತಿದ್ದ ಪುಟ್ಟ ರೈಲುಹಾದಿಯೊಂದನ್ನು ಮತ್ತೆ ಓಡಿಸಲು ಹೊರಟ ಸ್ವಯಂಸೇವಕರ ಗುಂಪಿಗೆ ಅವರೇ ಹಿರಿಯರು. ದುರಸ್ತಿಯಾದ ಉಗಿ ಇಂಜಿನ್ ಆ ದಿನ ಮೊದಲ ಸಲ ಸುರಂಗ ದಾಟಬೇಕಿತ್ತು. ಅದಕ್ಕೆ ಮುಂಚೆ ಯಾರಾದರೂ ಒಳಗೆ ನಡೆದು ಹಳಿ ನೋಡಿ ಬರಬೇಕು. ಆ ಕೆಲಸ ಗುಂಪಿನಲ್ಲಿದ್ದ ನಿರುಪಮಾ ಮತ್ತು ಅವಳು ಕರೆತಂದಿದ್ದ ಸ್ನೇಹಿತೆ ಸಿಂಧೂರಾಳ ಪಾಲಿಗೆ ಬಂದಿತ್ತು. ಇಲ್ಲಿನ ರೈಲಿನವರ ಪದ್ಧತಿಯೊಂದು ಸಿಂಧೂರಾಳಿಗೆ ಬಲು ಮೋಜು. ಹಳಿಯಡಿಯ ಮರದ ದಿಮ್ಮಿಯಾದ ಸ್ಲೀಪರಿರಲಿ, ಮೊಳೆಯಿರಲಿ, ನೋಡಿದ್ದಕ್ಕೆಲ್ಲ ತೋರುಬೆರಳು ಚಾಚಿ "ಯೋಶಿ" ಎಂದು ಗಟ್ಟಿಯಾಗಿ ಕೂಗಬೇಕು. ಸರಿಯಾಗಿದೆ, ನಾನೇ ನೋಡಿದ್ದೇನೆ, ಹೊಣೆ ನನ್ನದು ಎಂದು ಅದರ ಅರ್ಥ.

ಸುರಂಗದ ನಡುವಿನ ಒಂದು ಸ್ಲೀಪರಿಗೆ ಮಾತ್ರ ಹಾಗೆ ಕೂಗಬಾರದಂತೆ. ಒಂದು ಕಾಲದಲ್ಲಿ ಹಳಿ ಕಾಯುವ ಕಾವಲಿನವನೊಬ್ಬ ಒಳಗೆ ಹೋಗದೆಯೇ ಯೋಶಿ ಎಂದುಬಿಟ್ಟಿದ್ದ. ಕಲ್ಲು ಕುಸಿದ ಕಡೆ ಇಂಜಿನ್ ಸಿಕ್ಕಿಕೊಂಡಿತು, ಬೆಂಕಿಗೆ ಕಲ್ಲಿದ್ದಲು ಹಾಕುವವನು ಹೊಗೆಯಲ್ಲಿ ಉಸಿರುಕಟ್ಟಿ ಸತ್ತ. ಅವನ ಹೆಂಡತಿ ಹುಲ್ಲಿನ ಗೊಂಬೆ ಕಟ್ಟಿ, ರೈಲುಮೊಳೆಯಿಂದಲೇ ಅದನ್ನು ಆ ಸ್ಲೀಪರಿಗೆ ಜಡಿದು ಮಾಟ ಮಾಡಿದಳು. ಅಲ್ಲಿ ಬೆರಳು ತೋರಿ ಯೋಶಿ ಎಂದವರು ಯಾರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಾರೋ ಅವರ ಎದೆಗೆ ಹೊಗೆ ತುಂಬುತ್ತದೆ. ಮೊದಲು ಹೋದದ್ದು ಆ ಕಾವಲಿನವನ ಮಗಳು.

"ನನ್ನ ಮ್ಯಾನೇಜರ್ ಮೇಲೆ ನಂಗೆ ವಿಪರೀತ ಪ್ರೀತಿ ಅಂತ ಹೇಳ್ಬಿಡು," ಎಂದಳು ಸಿಂಧೂರಾ.

ನಿರುಪಮಾ ಅದನ್ನು ಜಪಾನೀ ಭಾಷೆಗೆ ತಿರುಗಿಸಲಿಲ್ಲ, ನಗಲೂ ಇಲ್ಲ. ಪಾಪ, ಅವಳಿಗೆ ನಗು ಎಲ್ಲಿಂದ ಬರಬೇಕು? ಮಗಳು ಸಾಹಿತ್ಯಳಿಗೆ ವರ್ಷದಿಂದ ಕೆಮ್ಮು. ಸುತ್ತದ ಆಸ್ಪತ್ರೆಯಿಲ್ಲ, ಡಾಕ್ಟರುಗಳಿಗೆ ಏನೂ ಸಿಗಲಿಲ್ಲ. ಮಗು ದಿನೇ ದಿನೇ ಸೊರಗಿ ಕಡ್ಡಿಯಾಗುತ್ತಿತ್ತು. ಇಷ್ಟು ಸಂಕಟದಲ್ಲೂ ಸ್ನೇಹಿತೆಯನ್ನು ಈ ಭಾನುವಾರ ಬಾ ಎಂದು ಪಟ್ಟು ಹಿಡಿದು ಕರೆತಂದವಳು ನಿರುಪಮಾಳೇ. ಅವಳ ಮಾತನ್ನು ಸಿಂಧೂರಾ ಎಂದೂ ತೆಗೆದುಹಾಕಿದವಳಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡು, ಗಂಡನನ್ನೂ ಬಿಟ್ಟು ಮೈಸೂರಿನಿಂದ ಬಂದಿಳಿದವಳಿಗೆ ಇಲ್ಲಿನ ಎಡೋಗಾವಾದಲ್ಲಿ ಮನೆ ಹುಡುಕಿಕೊಟ್ಟವಳು, ಜ್ವರದಲ್ಲಿ ಮಲಗಿದಾಗ ಅನ್ನ ಸಾರು ತಂದು ಕಲಸಿ ಕೊಟ್ಟವಳು ಅವಳು.

ಇಬ್ಬರೂ ಒಳಗೆ ಹೋದರು. ಹಿಂದಿನ ಬೆಳಕು ನೋಡನೋಡುತ್ತ ಸಣ್ಣದಾಯಿತು. ಒದ್ದೆ ಕಲ್ಲಿನ ವಾಸನೆ, ಹಳೆಯ ಟಾರಿನ ವಾಸನೆ, ಎಲ್ಲೋ ತೊಟತೊಟ ನೀರು. ಹಣೆಯ ದೀಪದಲ್ಲಿ ಒಂದೊಂದೇ ಸ್ಲೀಪರು ಕತ್ತಲಿಂದ ಎದ್ದು ಬರುತ್ತಿತ್ತು. ಸಿಂಧೂರಾ ಬೆರಳು ಚಾಚಿ ಯೋಶಿ ಎಂದಾಗಲೆಲ್ಲ ಸುರಂಗವೂ ಯೋಶಿ ಎನ್ನುತ್ತಿತ್ತು. ನಿರುಪಮಾ ಹಿಂದೆಯೇ ಬರುತ್ತಿದ್ದಳು.

ಆ ಸ್ಲೀಪರು ಸಿಕ್ಕಿತು. ಉಳಿದವೆಲ್ಲ ಹೊಸವು, ಅದೊಂದನ್ನು ಯಾರೂ ಮುಟ್ಟಿರಲಿಲ್ಲ. ತುಕ್ಕು ಹಿಡಿದ ಮೊಳೆಯ ಕೆಳಗೆ ಕಪ್ಪಗಿನ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಸಿಂಧೂರಾಳ ಕೈ ಏಕೋ ಮೇಲೇಳಲಿಲ್ಲ.

"ಯಾಕೆ, ಭಯ ಆಯ್ತಾ?" ಎಂದಳು ಹಿಂದಿನಿಂದ ನಿರುಪಮಾ. ಕೀಟಲೆ ಮಾಡುವ ದನಿಯೇ, ಆದರೆ ನಡುಗುತ್ತಿತ್ತು.

ಅಷ್ಟು ಸಾಕಾಯಿತು. ಸಿಂಧೂರಾ ಬೆರಳು ಚಾಚಿದಳು. ಯೋಶಿ ಎಂದು ಕೂಗಿದಳು.

ಸುರಂಗ ಮರುದನಿ ಕೊಡಲಿಲ್ಲ.

ನೀರು ತೊಟ್ಟಿಕ್ಕುವುದು ನಿಂತಿತು. ಹೊಗೆಯ ವಾಸನೆ ಬಂತು. ಕಲ್ಲಿದ್ದಲಿನ ಹೊಗೆ. ಒಳಗೆ ಇಂಜಿನ್ ಇರಲಿಲ್ಲ. ಕತ್ತಲಲ್ಲಿ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. ಹತ್ತಿರ. ಇನ್ನೂ ಹತ್ತಿರ. ಸಿಂಧೂರಾ "ನಿರೂ" ಎಂದು ಕರೆದಳು. ತಿರುಗಿದಳು. ನಿರುಪಮಾಳ ದೀಪ ದೂರದಲ್ಲಿ ಕುಣಿಯುತ್ತ ಓಡುತ್ತಿತ್ತು. ಬಿಟ್ಟು ಹೋಗಿದ್ದಳು. ಹೊಗೆ ಗೋಡೆಯಂತೆ ಬಂತು. ಸಿಂಧೂರಾ ಕುಸಿದಳು. ಬಾಯಿ ಮುಚ್ಚಿಕೊಂಡಳು. ಸತ್ತೆ ಎಂದುಕೊಂಡಳು.

ಹೊಗೆ ಅವಳನ್ನು ಮುಟ್ಟಲಿಲ್ಲ. ಪಕ್ಕದಿಂದ ಹಾದು, ಓಡುತ್ತಿದ್ದ ಆ ದೀಪದ ಹಿಂದೆ ಹೋಯಿತು.

ತಡವರಿಸುತ್ತ ಅವಳು ಹೊರಗೆ ಬಂದಾಗ ನಿರುಪಮಾ ಹಳಿಯ ಮೇಲೆ ಕೂತು ಫೋನಿನಲ್ಲಿ ಅಳುತ್ತಿದ್ದಳು. ಗಂಡ ಕಿಶೋರ್ ಮನೆಯಿಂದ ಮಾಡಿದ ಕರೆ. ಮಗುವಿನ ಕೆಮ್ಮು ಇದ್ದಕ್ಕಿದ್ದಂತೆ ನಿಂತಿದೆಯಂತೆ, ಎದ್ದು ಕೂತು ಊಟ ಕೇಳುತ್ತಿದೆಯಂತೆ. ಸಿಂಧೂರಾಳನ್ನು ಕಂಡು ಅವಳು ಫೋನ್ ಕೆಳಗಿಟ್ಟಳು. ಮುಖವೆತ್ತಲಿಲ್ಲ.

"ಹೋದ ವರ್ಷ ನಾನೂ ನಿನ್ನ ಥರಾನೇ ನಕ್ಕು ಕೂಗಿದ್ದೆ ಕಣೇ. ಇನ್ನೊಬ್ರು ಕೂಗಿದ್ರೇನೇ ಆ ಮಾಟ ಮೊದಲು ಹಿಡಿದವರನ್ನ ಬಿಡೋದು."

ಸಿಂಧೂರಾಳ ಮೈ ಉರಿದುಹೋಯಿತು. ತಂದಿಟ್ಟ ಅನ್ನ ಸಾರೂ ಇದಕ್ಕೇ ಇತ್ತೇ ಎನಿಸಿತು. ಹಾಗಾದರೆ ನಾನೇ ಯಾಕೆ ಎಂದು ಕೇಳಿದಳು.

"ನಿಂಗೆ ಯಾರೂ ಇಲ್ವಲ್ಲ ಸಿಂಧೂ. ಅಮ್ಮ ಇಲ್ಲ, ಗಂಡ ಇಲ್ಲ. ಯಾರಿಗೂ ಏನೂ ಆಗಲ್ಲ ಅಂತ ಯೋಚ್ನೆ ಮಾಡೇ ಕರ್ಕೊಂಡ್ ಬಂದೆ."

ಸಿಂಧೂರಾ ಅವಳ ಪಕ್ಕದಲ್ಲೇ ಹಳಿಯ ಮೇಲೆ ಕೂತಳು.

"ನೀನಿದ್ದೆಯಲ್ಲ," ಎಂದಳು.

ನಿರುಪಮಾಳಿಗೆ ಅರ್ಥವಾಗುವ ಮೊದಲೇ ಕೆಮ್ಮು ಬಂತು. ಒಂದು ಸಲ, ಮತ್ತೊಂದು ಸಲ. ಬಾಯಿಗೆ ಒತ್ತಿದ್ದ ಕರವಸ್ತ್ರ ತೆಗೆದು ನೋಡಿದಳು. ಮಸಿ. ಅವಳ ಕಣ್ಣುಗಳು ಅಗಲವಾದವು.

"ನನ್ನ ದ್ವೇಷ ಮಾಡು," ಎಂದು ಸಿಂಧೂರಾಳ ಕೈ ಹಿಡಿದುಕೊಂಡಳು. "ಮಾಡೇ, ದಮ್ಮಯ್ಯ."

ಮಾಡಬೇಕಾದ್ದೇ. ಇಷ್ಟು ದೊಡ್ಡ ಮೋಸಕ್ಕೆ ದ್ವೇಷವಲ್ಲದೆ ಇನ್ನೇನು? ಸಿಂಧೂರಾ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮನಸ್ಸಿನಲ್ಲಿದ್ದ ಕಹಿಯನ್ನೆಲ್ಲ ಒಂದೆಡೆ ಕೂಡಿಸಲು ನೋಡಿದಳು. ಅವಳ ಇನ್ನೊಂದು ಕೈ ಆಗಲೇ ನಿರುಪಮಾಳ ಬೆನ್ನು ನೀವುತ್ತಿತ್ತು. ಕೆಮ್ಮು ನಿಲ್ಲಲಿಲ್ಲ.